ಸಮೋನಳ ಗಡಿಯಾರ, ಐದನೇ ವಾರ್ಡಿನ ಊಟ

ಸಮೋನಕ್ಕ ಹಾಳೆ ಸಿಕ್ಕಿಸಿದ ಹಲಗೆ ಹಿಡಿದು ಬರುತ್ತಿದ್ದಾಳೆಂದರೆ ತಾಸಾಯ್ ಆಸ್ಪತ್ರೆಯಲ್ಲಿ ಕೂತವರು ಎದ್ದು ನಿಲ್ಲುತ್ತಿದ್ದರು, ನಿಂತವರು ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡು ಹೊರಡುತ್ತಿದ್ದರು. ಒಮ್ಮೆ ಒಬ್ಬಳು ಆಯಾ ಖಾಲಿ ಬಕೆಟ್ಟನ್ನೇ ಮೂರು ಸಲ ಆ ತುದಿಯಿಂದ ಈ ತುದಿಗೆ ಹೊತ್ತಿದ್ದಳು. ಹಾಗಂತ ಸಮೋನ್ ದೊಡ್ಡ ಅಧಿಕಾರಿಯೇನಲ್ಲ. ಐವತ್ತನಾಲ್ಕು ವರ್ಷದ, ದುಂಡು ಮುಖದ, ಹೂವಿನ ಬ್ಲೌಸಿನ ಗುಮಾಸ್ತೆ. ಕೊರಳಲ್ಲಿ ಓಟದ ಸ್ಪರ್ಧೆಗೆ ಬಳಸುವಂಥ ಗಡಿಯಾರ, ಕೈಯಲ್ಲಿ ಚೌಕುಳಿ ಹಾಕಿದ ಹಾಳೆ. ಐದು ನಿಮಿಷಕ್ಕೊಮ್ಮೆ ಗಡಿಯಾರ ಕೀಚ್ ಎನ್ನುತ್ತದೆ. ಆಗ ಅವಳು ತಲೆಯೆತ್ತಿ ನೋಡಬೇಕು. ಯಾವ ಡಾಕ್ಟರು, ಯಾವ ನರ್ಸು, ಯಾವ ವಿದ್ಯಾರ್ಥಿ ಆ ಗಳಿಗೆಯಲ್ಲಿ ಏನು ಮಾಡುತ್ತಿದ್ದಾರೆಂದು ಒಂದು ಗೀಟು ಎಳೆಯಬೇಕು. ಚಿಕಿತ್ಸೆಯೋ, ಪಾಠವೋ, ಕಾಗದದ ಕೆಲಸವೋ, ಊಟ ಮತ್ತು ಇತರೆಯೋ. ವರ್ಷಕ್ಕೆ ಎರಡು ವಾರ ಈ ಅಳತೆ, ಉಳಿದ ದಿನವೆಲ್ಲ ಆ ಗೀಟುಗಳನ್ನು ಕೂಡಿಸುವುದು.

ಇದೆಲ್ಲ ಯಾಕೆಂದರೆ, ಸರ್ಕಾರ ಒಂದೊಂದು ಕಾಯಿಲೆಗೂ ಒಂದೊಂದು ದರ ಕಟ್ಟಿಟ್ಟಿದೆ. ನ್ಯುಮೋನಿಯಾಕ್ಕೆ ಇಷ್ಟು ಬಾತ್ ಹಣ, ಮುರಿದ ಸೊಂಟಕ್ಕೆ ಇಷ್ಟು ಬಾತ್. ಅದೇ ದರದಲ್ಲಿ ನದಿಯಾಚೆಯ ಆಸ್ಪತ್ರೆ ಹಣ ಉಳಿಸಿ ತೋರಿಸುತ್ತದೆ, ತಾಸಾಯ್ ಮಾತ್ರ ವರ್ಷವರ್ಷವೂ ನಷ್ಟದಲ್ಲಿ ಮುಳುಗುತ್ತದೆ. ಅಲ್ಲಿ ಒಬ್ಬ ಡಾಕ್ಟರು ಐದು ನಿಮಿಷದಲ್ಲಿ ನೋಡಿ ಮುಗಿಸುವ ರೋಗಿಯನ್ನು ಇಲ್ಲಿ ಆರು ಜನ ಇಪ್ಪತ್ತೈದು ನಿಮಿಷ ನೋಡುತ್ತಾರೆ. ಆರರಲ್ಲಿ ಐವರು ಕಲಿಯುವವರು. ಒಂದು ರಕ್ತಪರೀಕ್ಷೆ ಸಾಕಾದ ಕಡೆ ಹುಡುಗರು ಹೆದರಿಕೆಗೆ ಮೂರು ಬರೆಯುತ್ತಾರೆ. ಈ ಹೆಚ್ಚಿನ ಖರ್ಚಿಗೆಂದು ಸರ್ಕಾರ ಬೇರೆ ಹಣ ಕೊಡುತ್ತದೆ, ಆದರೆ ಪಾಠ ನಡೆದದ್ದನ್ನು ತೋರಿಸಬೇಕು. ತೋರಿಸದೆ ಹೋದರೆ ಅದು ಪಾಠವಲ್ಲ, ಸೋಮಾರಿತನ. ತೋರಿಸುವವಳು ಸಮೋನ್.

ಹದಿನೈದು ವರ್ಷದ ಹಿಂದೆ ಈ ಕೆಲಸ ಕಲಿಯಲು ಅವಳನ್ನು ಬ್ಯಾಂಕಾಕಿಗೆ ಕಳಿಸಿದ್ದರು. ಅಲ್ಲಿ ಅವಳು ಕೈಯೆತ್ತಿ ಒಂದೇ ಒಂದು ಪ್ರಶ್ನೆ ಕೇಳಿದ್ದಳು. ಡಾಕ್ಟರು ರೋಗಿಯ ಹೊಟ್ಟೆ ಒತ್ತುತ್ತಾ ಹುಡುಗರಿಗೆ "ನೋಡಿ, ಪಿತ್ತಜನಕಾಂಗ ಇಲ್ಲಿವರೆಗೆ ಊದಿದೆ" ಎಂದರೆ ಅದು ಚಿಕಿತ್ಸೆಯೋ ಪಾಠವೋ? ಕಲಿಸಲು ಬಂದಿದ್ದಾತ, ಯಾವುದು ಮುಖ್ಯವೋ ಅದಕ್ಕೆ ಗೀಟು ಹಾಕಿ, ಹಾಳೆಯಲ್ಲಿ ಐದು ನಿಮಿಷದ ಒಂದು ಮನೆಗೆ ಒಂದೇ ಗೀಟು ಅಂದ. ಎರಡೂ ಮುಖ್ಯವಾದರೆ ಎಂದು ಇವಳು ಕೇಳಿದಳು. ಆತ, ಎಲ್ಲರೂ ಕಾಫಿ ಕುಡಿದು ಬರೋಣ ಅಂದ. ಕಾಫಿ ಕುಡಿದು ಬಂದ ಮೇಲೆ ಬೇರೆ ವಿಷಯ ಶುರುವಾಯಿತು. ಆ ಪ್ರಶ್ನೆ ಹಲ್ಲಿನ ಸಂದಿಯಲ್ಲಿ ಸಿಕ್ಕ ನಾರಿನ ಹಾಗೆ ಸಮೋನಳ ಜೊತೆಗೇ ಉಳಿಯಿತು.

ಅಳೆಯುವ ಚಟ ಹತ್ತಿದವರಿಗೆ ಬಿಡುವೆಂಬುದಿಲ್ಲ. ಅನ್ನ ಬೇಯಲು ಎಷ್ಟು ಹೊತ್ತು, ಅಕ್ಕಪಕ್ಕದ ಮನೆಯ ಗಂಡ ಹೆಂಡತಿಯ ಜಗಳ ಎಷ್ಟು ಹೊತ್ತು, ಭಿಕ್ಷುಗಳು ಬೀದಿ ದಾಟಲು ಎಷ್ಟು ಹೊತ್ತು, ಎಲ್ಲ ಅವಳಿಗೆ ಬಾಯಿಪಾಠ. ನಾಲ್ಕನೇ ಮಹಡಿಯಲ್ಲಿರುವ ಐದನೇ ವಾರ್ಡಿಗೆ ಹೋಗುವಾಗ ಲಿಫ್ಟು ರೋಗಿಗಳಿಗೆ ಬೇಕಾಗುತ್ತದೆಂದು ಮೆಟ್ಟಿಲನ್ನೇ ಹತ್ತುತ್ತಾಳೆ. ಪ್ರತಿ ವರ್ಷ ಅಳತೆಯ ಮೊದಲ ದಿನ, ಹತ್ತಲು ಎಷ್ಟು ಹಿಡಿಯಿತೆಂದು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದುಕೊಳ್ಳುತ್ತಾಳೆ. ಮೊದಲ ವರ್ಷ ಒಂದು ನಿಮಿಷ ಹತ್ತು ಸೆಕೆಂಡು. ಈ ವರ್ಷ ಎರಡು ನಿಮಿಷ ನಲವತ್ತು, ನಡುವೆ ಎರಡು ಕಡೆ ಕಂಬಿ ಹಿಡಿದು ನಿಂತದ್ದೂ ಸೇರಿ. ಪಕ್ಕದಲ್ಲಿ "ತೂಕ" ಎಂದು ಬರೆದು ಎರಡು ಗೆರೆ ಎಳೆದಿದ್ದಳು. ಆಸ್ಪತ್ರೆಯ ಗೇಟಿನ ಶ್ಯಾವಿಗೆ ಸೂಪಿನವಳ ಮೇಲೆ ಅವಳಿಗೆ ಸಣ್ಣ ಸಿಟ್ಟೂ ಇತ್ತು.

ಈ ವರ್ಷದ ಹಾಳೆಗಳನ್ನು ನೋಡಲು ರಾಜಧಾನಿಯಿಂದ ಪಿಚೈ ಎಂಬ ಅಧಿಕಾರಿ ಬಂದಿದ್ದ. ಮೂವತ್ತೈದರ ಪ್ರಾಯ, ಮಡಿಕೆ ಮುರಿಯದ ಅಂಗಿ, ಮಾತು ಬಲು ಮೆದು. ಬುಧವಾರ ಮಧ್ಯಾಹ್ನ ಅವಳ ಮೇಜಿನ ಮುಂದೆ ಕೂತು ಐದನೇ ವಾರ್ಡಿನ ಹಾಳೆ ತಿರುಗಿಸಿ ಇಟ್ಟ.

"ಅಕ್ಕಾ, ಇಲ್ಲಿ ವಿದ್ಯಾರ್ಥಿಗಳಿಗೆ ದಿನಕ್ಕೆ ಸರಾಸರಿ ಪಾಠ ಹನ್ನೊಂದು ನಿಮಿಷ. ಊಟ ಎಂಬತ್ತು ನಿಮಿಷ. ಇದೇನು ಆಸ್ಪತ್ರೇನಾ, ಮದುವೆ ಮನೇನಾ?"

"ನಾನು ಕಂಡದ್ದನ್ನ ಬರ್ದಿದೀನಿ ಸಾರ್."

"ತಪ್ಪು ಅಂತ ಯಾರು ಅಂದ್ರು? ಹದಿನೈದು ವರ್ಷದಲ್ಲಿ ನಿಮ್ಮ ಒಂದು ಹಾಳೇನೂ ವಾಪಸ್ ಬಂದಿಲ್ವಂತೆ. ಅದಕ್ಕೇ ಧೈರ್ಯವಾಗಿ ಹೇಳ್ತಿದೀನಿ. ಪಾಠಾನೇ ಇಲ್ಲದ ಕಡೆ ವಿದ್ಯಾರ್ಥಿಗಳು ಯಾಕೆ? ಬರೋ ತಿಂಗಳಿಂದ ಹತ್ತೂ ಜನಾನ ಬ್ಯಾಂಕಾಕಿಗೆ ಕರೆಸ್ಕೋತೀವಿ. ನೀವು ಶುಕ್ರವಾರ ಸಹಿ ಹಾಕಿ ಕೊಟ್ಬಿಡಿ."

ಸಮೋನ್ ತಲೆಯಾಡಿಸಿದಳು. ಆ ಹತ್ತು ಜನ ಸುತ್ತಲಿನ ಗದ್ದೆಯ ಹಳ್ಳಿಗಳ ಮಕ್ಕಳು. ಇಲ್ಲೇ ಕಲಿತವರು ಇಲ್ಲೇ ಡಾಕ್ಟರಾಗಿ ಉಳಿಯುತ್ತಾರೆ, ಬ್ಯಾಂಕಾಕಿಗೆ ಹೋದವರು ಹಬ್ಬಕ್ಕೆ ಬಂದು ಹೋಗುತ್ತಾರೆ. ಐದನೇ ವಾರ್ಡಿನ ಮುಖ್ಯ ಡಾಕ್ಟರು ತವಿನ್ ಕೂಡ ಇಲ್ಲೇ ಕಲಿತವರು. ಇಪ್ಪತ್ತು ವರ್ಷದಿಂದ ಎದೆಯ ಕಾಯಿಲೆಯವರನ್ನು ನೋಡುತ್ತಾ, ಹುಡುಗರಿಗೆ ಕಲಿಸುತ್ತಾ ಬಂದಿದ್ದಾರೆ. ಎಲ್ಲರೂ ಅವರನ್ನು ಮೇಷ್ಟ್ರೇ ಎಂದೇ ಕರೆಯುವುದು. ಅಂಥವರ ವಾರ್ಡಿಗೆ ಕಲ್ಲು ಹಾಕುವುದು ತನ್ನದೇ ಗೀಟುಗಳು ಎಂಬುದು ಅವಳಿಗೆ ನುಂಗಲಾರದ ತುತ್ತಾಯಿತು.

ಆದರೆ ಬೇಸರಕ್ಕಿಂತ ಹೆಚ್ಚು ಅವಳನ್ನು ಕಾಡಿದ್ದು ಕುತೂಹಲ, ಸುಳ್ಳೇಕೆ ಹೇಳಲಿ. ತವಿನ್ ಮೇಷ್ಟ್ರ ಹುಡುಗರು ಪರೀಕ್ಷೆಯಲ್ಲಿ ಮುಂದೆ ಇರುತ್ತಾರೆಂದು ಇಡೀ ಆಸ್ಪತ್ರೆಗೆ ಗೊತ್ತು. ಎದೆಯ ಮೇಲೆ ಕಿವಿಗೊಳವೆ ಇಟ್ಟು ಇಂಥದೇ ಕಾಯಿಲೆ ಎನ್ನುವಷ್ಟು ಪಳಗಿದ ಕಿವಿ ಅವರದು. ದಿನಕ್ಕೆ ಹನ್ನೊಂದು ನಿಮಿಷದಲ್ಲಿ ಅದು ಬರುತ್ತದೆಯೇ? ಪಪ್ಪಾಯಿ ಕಾಯಿ ಹೆರೆಯುವುದು ಕಲಿಯಲಿಕ್ಕೇ ಅವಳಿಗೆ ಒಂದು ತಿಂಗಳು ಹಿಡಿದಿತ್ತು.

ಸಂಜೆ ಹಾಳೆಗಳನ್ನು ಮತ್ತೆ ಹರಡಿಕೊಂಡಳು. ಬೆಳಗಿನ ಸುತ್ತು ಒಂಬತ್ತು ಗಂಟೆಗೇ ಮುಗಿದಿದೆ, ಹಿಂದಿನ ವರ್ಷಗಳಲ್ಲಿ ಹತ್ತೂವರೆ ಆಗುತ್ತಿತ್ತು. ಊಟ ಹನ್ನೊಂದೂಮುಕ್ಕಾಲಿನಿಂದ ಒಂದು ಗಂಟೆ ಐದು ನಿಮಿಷದವರೆಗೆ. ಆ ಊಟವನ್ನು ಅವಳು ಕಣ್ಣಾರೆ ಕಂಡಿರಲಿಲ್ಲ. ಹುಡುಗರು ಅಂಟಕ್ಕಿ ಅನ್ನದ ಬಿದಿರು ಬುಟ್ಟಿ ಹಿಡಿದು ಹಿಂಬಾಗಿಲಿಂದ ಹೋಗುವುದನ್ನು ಕಂಡಿದ್ದಳು, ಖಾಲಿ ಬುಟ್ಟಿ ಹಿಡಿದು ಬರುವುದನ್ನು ಕಂಡಿದ್ದಳು. ನಡುವೆ ಹಾಳೆಯಲ್ಲಿ ಊಟದ ಮನೆಗಳಿಗೆ ಗೀಟು ಎಳೆದು ತಾನೂ ಕೆಳಗಿಳಿದು ಸೂಪು ಕುಡಿಯುತ್ತಿದ್ದಳು. ನಮ್ಮ ಈಸಾನ್ ಕಡೆ ಉಣ್ಣುತ್ತಿರುವವರ ಹತ್ತಿರ ಹೋದರೆ "ಬನ್ನಿ, ಕೂತ್ಕೊಳ್ಳಿ, ಉಣ್ಣಿ" ಎನ್ನದೆ ಇರಲಾರರು. ಅಳೆಯಲು ಬಂದವಳು ಅಳೆಸಿಕೊಳ್ಳುವವರ ಅನ್ನ ತಿನ್ನುವುದು ಸರಿಯಲ್ಲವೆಂದು ಅವಳು ಆ ಕಡೆ ತಲೆ ಹಾಕುತ್ತಿರಲಿಲ್ಲ. ಹದಿನೈದು ವರ್ಷದಲ್ಲಿ ಹಾಳೆಯ ಒಂದು ಮನೆಗೂ ಕಾಣದೆ ಗೀಟು ಹಾಕಿಲ್ಲವೆಂದು ಬೀಗುತ್ತಿದ್ದವಳಿಗೆ ಮುಖಕ್ಕೆ ಹೊಡೆದ ಹಾಗಾಯಿತು.

ಗುರುವಾರ ಹನ್ನೆರಡು ಗಂಟೆಗೆ ಮೆಟ್ಟಿಲು ಹತ್ತಿದಳು. ಎರಡು ಕಡೆ ನಿಂತಳು. ವಾರ್ಡಿನ ಬಾಗಿಲಲ್ಲಿ ಹಿರಿಯ ನರ್ಸು ಲಮ್ದುವನ್ ಅಡ್ಡ ನಿಂತಿದ್ದಳು. ಇಬ್ಬರೂ ಒಂದೇ ವರ್ಷ ಕೆಲಸಕ್ಕೆ ಸೇರಿದವರು, ಸಲಿಗೆ ಜಾಸ್ತಿ.

"ಅಳತೆ ಮುಗೀತಲ್ಲೇ, ಮತ್ತೆ ಯಾಕೆ ಬಂದೆ?"

"ನಿಮ್ಮೋರು ಊಟ ಹೇಗೆ ಮಾಡ್ತಾರೆ ನೋಡೋಣ ಅಂತ."

"ಉಣ್ಣೋರ ಬಾಯಿಗೂ ಗಡಿಯಾರ ಹಿಡೀತೀಯಾ? ದೃಷ್ಟಿಯಾಗುತ್ತೆ ಹೋಗೇ. ಬಾ, ನಾವಿಬ್ರೂ ಕೆಳಗೆ ಹೋಗಿ ಸೂಪು ಕುಡಿಯೋಣ, ನಾನೇ ಕೊಡಿಸ್ತೀನಿ."

ಲಮ್ದುವನ್ ತಾನಾಗಿ ಕೊಡಿಸುತ್ತೇನೆಂದ ಮೇಲೆ ಏನೋ ಇದೆ ಎಂದು ಸಮೋನಳಿಗೆ ಖಾತ್ರಿಯಾಯಿತು. ಅವಳನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ಹಿಂಬಾಗಿಲು ದಾಟಿದಳು.

ಬಾಗಿಲಾಚೆ ಒಗೆದ ಹಾಸುಗಳನ್ನು ಒಣಹಾಕುವ ಬಿಸಿಲುಮಾಡು. ತಗಡಿನ ಚಾವಣಿಯ ನೆರಳಲ್ಲಿ ಚಾಪೆ ಹಾಸಿತ್ತು. ಚಾಪೆಯ ಅಂಚಿಗೆ ಅನ್ನದ ಬುಟ್ಟಿ, ಸುಟ್ಟ ಮೀನು, ಪಪ್ಪಾಯಿ ಕಾಯಿಯ ಖಾರದ ಕೋಸಂಬರಿ. ಯಾರೂ ಮುಟ್ಟಿರಲಿಲ್ಲ, ನೊಣ ಓಡಿಸುವವರೂ ಇರಲಿಲ್ಲ. ನಡುವೆ ಎಡ ಮಗ್ಗುಲಾಗಿ ಮಲಗಿದ್ದವನು ಹನ್ನೆರಡನೇ ಹಾಸಿಗೆಯ ಕಮ್ಸಿಂಗ್ ಅಜ್ಜ. ವರ್ಷಕ್ಕೆ ಮೂರು ಸಲ ಉಬ್ಬಸ ಹತ್ತಿ ಬಂದು ಸೇರುವ ಹಳೆಯ ಗಿರಾಕಿ. ಅವನ ಹೃದಯದ ಒಂದು ಕವಾಟ ಬಿಗಿದುಕೊಂಡಿತ್ತು. ಹತ್ತು ವಿದ್ಯಾರ್ಥಿಗಳೂ ಸುತ್ತ ಮಂಡಿಯೂರಿದ್ದರು. ಒಬ್ಬೊಬ್ಬರಾಗಿ ಅವನ ಎದೆಗೆ ಕಿವಿಗೊಳವೆ ಇಡುತ್ತಿದ್ದರು, ತವಿನ್ ಮೇಷ್ಟ್ರು ಬೆರಳಿನಿಂದ ಚಾಪೆಯ ಮೇಲೆ ತಾಳ ಹಾಕಿ ಆ ಸದ್ದು ಎಲ್ಲಿ ಬರುತ್ತದೆಂದು ತೋರಿಸುತ್ತಿದ್ದರು.

ಸಮೋನಳನ್ನು ಕಂಡು ಮೇಷ್ಟ್ರ ಬೆರಳು ನಿಂತಿತು. ಕದ್ದು ಮಾವು ತಿನ್ನುತ್ತಾ ಸಿಕ್ಕಿಬಿದ್ದವರ ಮುಖ.

"ಬನ್ನಿ ಅಕ್ಕಾ, ಉಣ್ಣಿ" ಅಂದರು, ಬೇರೇನೂ ತೋಚದೆ.

"ಮೇಷ್ಟ್ರೇ, ಇದು ದಿನಾ ನಡೆಯುತ್ತಾ?"

"ಈ ಸಲದ ಅಳತೆ ಶುರುವಾದಾಗಿಂದ, ಬ್ಯಾಂಕಾಕಿನ ಸಾಹೇಬ್ರು ಹೋಗೋವರೆಗೂ. ಹಾಸಿಗೆ ಸುತ್ತ ಇಷ್ಟು ಜನ ಗುಂಪು ಕಟ್ಟಿದ್ರೆ ಗಲೀಜು ಕಾಣುತ್ತೆ, ಹೊತ್ತು ಹಾಳು ಮಾಡ್ತಾರೆ ಅಂತ ಬರೀತಾರೆ, ಆಸ್ಪತ್ರೆಯ ದೊಡ್ಡ ಡಾಕ್ಟ್ರಿಗೆ ಮುಜುಗರ ಆಗಬಾರ್ದು ಅಂತ... ಬೆಳಗಿನ ಸುತ್ತು ಬೇಗ ಮುಗಿಸಿ ಪಾಠಾನ ಊಟದ ಹೊತ್ತಿಗೆ ಇಟ್ಕೊಂಡ್ವಿ. ತಪ್ಪಾಯ್ತು."

"ನಾನು ಹುಡುಕ್ತಾ ಇದ್ದದ್ದನ್ನೇ ತಂದು ಇಲ್ಲಿ ಬಚ್ಚಿಟ್ಟಿದೀರಲ್ಲ ಮೇಷ್ಟ್ರೇ."

ಮನೆಗೆ ನೆಂಟರು ಬರುತ್ತಾರೆಂದರೆ ಹರಡಿದ್ದನ್ನೆಲ್ಲ ಮಂಚದ ಕೆಳಗೆ ತಳ್ಳುವ ಜನ ನಾವು. ಈ ದಾಕ್ಷಿಣ್ಯ ನಮ್ಮ ರಕ್ತದಲ್ಲೇ ಇದೆ, ಯಾವ ಪರೀಕ್ಷೆಯಲ್ಲೂ ಕಾಣುವುದಿಲ್ಲ. ಪಿಚೈ ಹೇಳಿದ್ದನ್ನು ಸಮೋನ್ ಒಂದೂ ಬಿಡದೆ ಹೇಳಿದಳು. ಮೇಷ್ಟ್ರ ಕಣ್ಣು ಒಬ್ಬೊಬ್ಬ ವಿದ್ಯಾರ್ಥಿಯ ಮೇಲೂ ಹರಿದು ಬಂತು.

"ನಾಳೆ ಸಹಿ ಹಾಕ್ಬೇಕು" ಅಂದಳು ಸಮೋನ್. "ಇವತ್ತು ಒಂದು ಊಟಾನಾದ್ರೂ ಸರಿಯಾಗಿ ಅಳೀತೀನಿ. ನೀವು ನಿಮ್ಮ ಪಾಠ ಮಾಡಿ." ಚಾಪೆಯ ತುದಿಯಲ್ಲಿ ಕೂತು ಗಡಿಯಾರ ಒತ್ತಿದಳು.

ಕಮ್ಸಿಂಗ್ ಅಜ್ಜ ಮಲಗಿದಲ್ಲಿಂದಲೇ ಹಾಳೆಯತ್ತ ಕತ್ತು ಚಾಚಿದ. "ಅವ್ವಾ, ಅದ್ರಾಗೆ ನನ್ನೆಸ್ರು ಎಲ್ಲೈತೆ?"

"ರೋಗಿಗಳದ್ದು ಇರಲ್ಲ ಅಜ್ಜಾ. ಕೆಲಸ ಮಾಡೋರ್ದು ಮಾತ್ರ."

"ನಾ ಏನು ಸುಮ್ಕೆ ಬಿದ್ಕಂಡಿವ್ನಾ? ಹದಿನೈದು ದಿನದಿಂದ ಇವ್ರಿಗೆಲ್ಲ ನನ್ನ ಎದೆ ಓದಿಸ್ತಾ ಇವ್ನಿ. ಬರಿ ಬರಿ, ಸಂಬಳ ಏನೂ ಕೇಳಾಕಿಲ್ಲ."

ಎಲ್ಲರೂ ನಕ್ಕರು, ಸಮೋನ್ ಮಾತ್ರ ನಗದೆ ಹಾಳೆಯ ಅಡಿಯಲ್ಲಿ ಅವನ ಹೆಸರು ಬರೆದುಕೊಂಡಳು. ನಗು ನಿಂತ ಮೇಲೆ ಮೇಷ್ಟ್ರಿಗೆ ಒಂದು ಯೋಚನೆ ಬಂತು. ಕೆಟ್ಟ ಸದ್ದು ಗುರುತಾಗಬೇಕಾದರೆ ಪಕ್ಕದಲ್ಲೇ ಒಳ್ಳೆಯ ಸದ್ದು ಕೇಳಬೇಕು. ಹುಡುಗರು ತಂತಮ್ಮ ಎದೆ ಕೇಳಿ ಕೇಳಿ ಬೇಸತ್ತಿದ್ದರು.

"ಅಕ್ಕಾ, ನಿಮ್ಮ ಎದೆ ಸ್ವಲ್ಪ ಹೊತ್ತು ಕೊಡ್ತೀರಾ? ಹುಡುಗೀರಷ್ಟೇ ಕೇಳ್ತಾರೆ. ದಿನಾ ನಾಲ್ಕು ಮಹಡಿ ಹತ್ತೋ ಗಟ್ಟಿ ಎದೆ ಇದು, ನೋಡ್ರಮ್ಮಾ, ಆರೋಗ್ಯ ಅಂದ್ರೆ ಹೀಗಿರ್ಬೇಕು."

ಅಜ್ಜ ತಲೆಯಡಿ ಮಡಚಿಟ್ಟಿದ್ದ ಚೌಕುಳಿ ಪಂಚೆ ಕೊಟ್ಟ. ಇಬ್ಬರು ಹುಡುಗಿಯರು ಅದನ್ನು ಪರದೆಯ ಹಾಗೆ ಹಿಡಿದರು. ಅಜ್ಜ ಮಲಗಿದ್ದ ಹಾಗೇ ಸಮೋನ್ ಎಡ ಮಗ್ಗುಲಿಗೆ ಮಲಗಿದಳು. ಗಡಿಯಾರ ಕೈಯಲ್ಲೇ ಇತ್ತು. ತನ್ನನ್ನು ಬೇರೆಯವರು ಅಳೆಯುವುದು ಅವಳಿಗೆ ಹೊಸದು, ಕಚಗುಳಿಯಾದಂತೆ ನಗು ಬರುತ್ತಿತ್ತು. ಮೊದಲು ದಪ್ಪ ಕನ್ನಡಕದ ಹುಡುಗಿ ಕೇಳಿದಳು. "ಸರಿ ಇದೆ ಮೇಷ್ಟ್ರೇ." ಆಮೇಲೆ ಅವಳ ಗೆಳತಿ. "ಹೌದು ಮೇಷ್ಟ್ರೇ, ಸರಿ ಇದೆ." ಮೂರನೆಯವಳು ಜಿರಪಾ. ಒಣಮೀನು ಮಾರುವವಳ ಮಗಳು, ತರಗತಿಯಲ್ಲಿ ಬಾಯಿ ಬಿಡದವಳು. ಅವಳು ಗೊಳವೆ ಇಟ್ಟವಳು ತೆಗೆಯಲೇ ಇಲ್ಲ.

ಗಡಿಯಾರ ಕೀಚ್ ಎಂದಿತು. ಸಮೋನ್ ಮಲಗಿದಲ್ಲೇ ಗೀಟು ಎಳೆದಳು. ಪಾಠ.

"ಏನಮ್ಮಾ, ನಿದ್ದೆ ಬಂತಾ?" ಎಂದರು ಪರದೆಯಾಚೆಯಿಂದ ಮೇಷ್ಟ್ರು.

"ಮೇಷ್ಟ್ರೇ, ತಪ್ಪು ತಿಳ್ಕೋಬೇಡಿ." ಜಿರಪಾ ಗೊಳವೆಯನ್ನು ಇನ್ನಷ್ಟು ಒತ್ತಿದಳು. "ನನಗೇ ಸರಿಯಾಗಿ ಬರ್ತಿಲ್ವೇನೋ. ಆದ್ರೆ ಅಜ್ಜನ ಸದ್ದು... ಇಲ್ಲೂ ಇದೆ. ಸಣ್ಣಗೆ."

ಯಾರೋ ಕಿಸಕ್ಕೆಂದರು. ಮೇಷ್ಟ್ರು ಮಂಡಿಯೂರಿ ಬಂದು, ಅಪ್ಪಣೆ ಕೇಳಿ, ಮುಖ ಆಚೆ ತಿರುಗಿಸಿ ಗೊಳವೆ ಇಟ್ಟರು. ಕಣ್ಣು ಮುಚ್ಚಿದರು. ಅವರ ಬೆರಳು ಚಾಪೆಯ ಮೇಲೆ ಮೆಲ್ಲಗೆ ತಾಳ ಹಾಕತೊಡಗಿತು. ಅಜ್ಜನ ಎದೆ ಕೇಳಿದಾಗ ಹಾಕಿದ್ದ ಅದೇ ತಾಳ. ಸಮೋನಳ ನಗು ಆಗ ಆರಿತು.

ಮೇಷ್ಟ್ರು ಕಿವಿಯಿಂದ ಗೊಳವೆ ತೆಗೆದು ಮೊದಲು ಕೇಳಿದ ಇಬ್ಬರತ್ತ ತಿರುಗಿದರು. "ನಿಮಗೆ ಕೇಳಿಸ್ಲಿಲ್ವಾ?"

ದಪ್ಪ ಕನ್ನಡಕದ ಹುಡುಗಿ ತಲೆ ಬಗ್ಗಿಸಿದಳು. "ಕೇಳಿಸ್ತು ಮೇಷ್ಟ್ರೇ."

"ಮತ್ತೆ?"

"ನೀವು ಗಟ್ಟಿ ಎದೆ ಅಂದ್ರಲ್ಲ."

ಮೇಷ್ಟ್ರು ಅವಳನ್ನು ಬೈಯಲಿಲ್ಲ. ಮುಖ ಕೆಂಪಾಗಿದ್ದು ಅವರದೇ. ಸಮೋನಳನ್ನು ಎಬ್ಬಿಸಿ ಕೂರಿಸಿ, "ಅಕ್ಕಾ, ಮೆಟ್ಟಿಲು ಹತ್ತುವಾಗ ದಮ್ಮು ಕಟ್ಟುತ್ತಾ? ಯಾವಾಗಿಂದ?" ಎಂದು ಕೇಳಿದರು.

ಅವಳು ಬಾಯಲ್ಲಿ ಹೇಳಲಿಲ್ಲ. ನೋಟ್‌ಬುಕ್ಕಿನ ಕೊನೆಯ ಪುಟ ತೆಗೆದು ಕೊಟ್ಟಳು. ಮೇಷ್ಟ್ರು ಬೆರಳಿಟ್ಟುಕೊಂಡು ಕೆಳಗೆ ಓದುತ್ತಾ ಹೋದರು. ಒಂದು ಹತ್ತು, ಒಂದು ಹನ್ನೆರಡು, ಒಂದು ಇಪ್ಪತ್ತು, ಎರಡು ನಿಮಿಷ, ಎರಡು ನಲವತ್ತು, ತೂಕ. ಆ ಪುಟವನ್ನು ಹುಡುಗರ ಕೈಗೆ ದಾಟಿಸಿ, ರೋಗಿ ತನ್ನ ಕಥೆ ಹೇಳುವುದು ಅಂದರೆ ಇದು ಅಂದರು. ಚಿಕ್ಕಂದಿನಲ್ಲಿ ಕೀಲುನೋವಿನ ಜ್ವರ ಬಂದಿತ್ತೇ ಎಂದು ಕೇಳಿದರು. ಬಂದಿತ್ತು, ಏಳು ವರ್ಷದವಳಿದ್ದಾಗ, ಅಮ್ಮ ಅರಿಸಿನದ ಪಟ್ಟು ಹಾಕಿದ್ದಳು. ಆಗ ಒಳಗೆ ಗಾಯವಾದ ಕವಾಟ ಈಗ ಬಿಗಿಯುತ್ತಿತ್ತು. ಹೊತ್ತಿಗೆ ಸರಿಯಾಗಿ ಸಿಕ್ಕಿದೆ, ಬಿಡಿಸಬಹುದು, ಇನ್ನೆರಡು ವರ್ಷ ಸುಮ್ಮನಿದ್ದಿದ್ದರೆ ಕಷ್ಟವಿತ್ತು ಎಂದರು.

ಗಡಿಯಾರ ಮತ್ತೆ ಕೀಚ್ ಎಂದಿತು. ಸಮೋನ್ ಪೆನ್ಸಿಲು ಎತ್ತಿದಳು. ಕೈ ಗಾಳಿಯಲ್ಲೇ ನಿಂತಿತು. ಹುಡುಗರು ಅವಳ ಪುಟ ನೋಡಿ ಕಲಿಯುತ್ತಿದ್ದರು, ಮೇಷ್ಟ್ರು ಅವಳ ನಾಡಿ ಹಿಡಿದಿದ್ದರು. ಹದಿನೈದು ವರ್ಷದ ಹಿಂದೆ ಕಾಫಿಯಲ್ಲಿ ಮುಳುಗಿಹೋದ ಪ್ರಶ್ನೆ ಈಗ ಅವಳದೇ ಎದೆಯೊಳಗೆ ಕೂತಿತ್ತು. ಅವಳು ಒಂದೇ ಮನೆಯಲ್ಲಿ ಎರಡು ಗೀಟು ಎಳೆದಳು, ಚಿಕಿತ್ಸೆಗೊಂದು, ಪಾಠಕ್ಕೊಂದು. ಆಮೇಲೆ ಅಜ್ಜನೇ ಅನ್ನದ ಉಂಡೆ ಮಾಡಿ ಮೀನು ಸೇರಿಸಿ ಕೊಟ್ಟ. ಅಳೆಯುವವಳೆಂಬುದನ್ನು ಬದಿಗಿಟ್ಟು ತಿಂದಳು.

ಶುಕ್ರವಾರ ಪಿಚೈ ಹೊಸ ಹಾಳೆ ನೋಡಿ ಹುಬ್ಬು ಗಂಟಿಕ್ಕಿದ.

"ಹಳೇದಕ್ಕೆ ಸಹಿ ಹಾಕಲ್ಲ ಅಂದ್ರೆ ಹೇಗೆ ಅಕ್ಕಾ? ಅದೂ ನೀವೇ ಬರೆದದ್ದು."

"ಊಟದ ಗೀಟು ನಾನು ಕಂಡು ಹಾಕಿದ್ದಲ್ಲ ಸಾರ್. ಬುಟ್ಟಿ ನೋಡಿ ಊಟ ಅಂದ್ಕೊಂಡೆ. ತಪ್ಪು ನಂದು, ವಾರ್ಡಿಂದಲ್ಲ. ಹಾಗಂತ ಬರೆದು ಬೇಕಾದ್ರೆ ಸಹಿ ಹಾಕ್ತೀನಿ."

ಹದಿನೈದು ವರ್ಷದ ಹೆಸರನ್ನು ಆ ಒಂದು ಮಾತಿನಲ್ಲಿ ಮೇಜಿನ ಮೇಲಿಟ್ಟಳು. ಪಿಚೈ ಅವಳ ಮುಖ ನೋಡಿದ, ಮತ್ತೆ ಹಾಳೆ ನೋಡಿದ.

"ಸರಿ. ಈ ಐದು ನಿಮಿಷಕ್ಕೆ ಎರಡು ಗೀಟು ಯಾಕಿದೆ? ಚಿಕಿತ್ಸೆನೋ ಪಾಠಾನೋ, ಒಂದು ಹೇಳಿ. ಕಂಪ್ಯೂಟರ್ ಎರಡು ತಗೊಳಲ್ಲ."

"ಆ ಮನೇಲಿ ಮಲಗಿದ್ದೋಳು ನಾನು ಸಾರ್. ಅವರು ಪಾಠ ಮಾಡ್ದೇ ಇದ್ದಿದ್ರೆ ನನಗೆ ಚಿಕಿತ್ಸೆ ಇರ್ಲಿಲ್ಲ. ಯಾವುದನ್ನ ಅಳಿಸ್ಲಿ, ನೀವೇ ಹೇಳಿ." ರಬ್ಬರನ್ನು ಅವನ ಮುಂದೆ ಇಟ್ಟಳು.

ಪಿಚೈ ರಬ್ಬರು ಮುಟ್ಟಲಿಲ್ಲ. ಪೆನ್ನು ತೆಗೆದು, ಐದನೇ ವಾರ್ಡನ್ನು ಮತ್ತೆ ಎರಡು ವಾರ ಅಳೆಯಬೇಕು, ಅಳೆಯುವವರು ಊಟಕ್ಕೂ ಜೊತೆಗೆ ಹೋಗಬೇಕು, ಅಲ್ಲಿವರೆಗೆ ವಿದ್ಯಾರ್ಥಿಗಳು ಇಲ್ಲೇ ಇರಲಿ ಎಂದು ಬರೆದ. ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು, "ನಿಮ್ಮ ಎದೆ ಜೋಪಾನ ಅಕ್ಕಾ" ಅಂದ.

ಎರಡನೇ ಅಳತೆಗೆ ಸಮೋನ್ ಗಡಿಯಾರವನ್ನು ಕಚೇರಿಯ ಇನ್ನೊಬ್ಬಳಿಗೆ ಕೊಟ್ಟಳು. ತಾನು ಆಗ ಅದೇ ವಾರ್ಡಿನ ಹೆಂಗಸರ ಸಾಲಿನ ಏಳನೇ ಹಾಸಿಗೆಯಲ್ಲಿದ್ದಳು, ಕವಾಟ ಬಿಡಿಸುವ ದಿನಕ್ಕೆ ಕಾಯುತ್ತಾ. ಬೆಳಗ್ಗೆ ಎಂಟೂವರೆಗೆ ಸುತ್ತು ಬಂತು. ಹತ್ತೂ ಜನ ಹಾಸಿಗೆ ಸುತ್ತ ಗುಂಪು ಕಟ್ಟಿ ನಿಂತರು, ಯಾರಿಗೂ ಬಚ್ಚಿಡದೆ. ಮೇಷ್ಟ್ರು ಅವಳ ಕಾಯಿಲೆಯ ಹೆಸರು ಹೇಳಲಿಲ್ಲ, ಎದೆ ಗಟ್ಟಿಯೆಂದೂ ಹೇಳಲಿಲ್ಲ.

"ನಾನು ಬಾಯಿ ಬಿಡಲ್ಲ" ಅಂದರು. "ನೀವು ಕೇಳಿ, ನೀವೇ ಹೇಳಿ. ನನ್ನ ಮುಖ ನೋಡ್ಬೇಡಿ."

ದಪ್ಪ ಕನ್ನಡಕದ ಹುಡುಗಿ ಮುಂದೆ ಬಂದಳು. ಗೊಳವೆಯ ಬಿಲ್ಲೆಯನ್ನು ಅಂಗೈಯಲ್ಲಿ ಉಜ್ಜಿ ಬೆಚ್ಚಗೆ ಮಾಡಿಕೊಂಡು, ಕಣ್ಣು ಮುಚ್ಚಿ, ಬಹಳ ಹೊತ್ತು ಕೇಳಿದಳು. ಆಚೆ ತುದಿಯಿಂದ ಕೀಚ್ ಎಂಬ ಸದ್ದು ಬಂತು. ಸಮೋನ್ ಅಭ್ಯಾಸ ಬಲದಿಂದ ತಲೆಯೆತ್ತಲು ಹೋದವಳು, ಹುಡುಗಿ ಕೇಳುತ್ತಿದ್ದಾಳಲ್ಲ ಎಂದು ಉಸಿರು ಹಿಡಿದು ಹಾಗೇ ಮಲಗಿದಳು.